ಪ್ರತಿಕ್ರಿಯೆ: ಭಾಷಾಶಾಸ್ತ್ರ ಓದಿದರೆ ಯಾರಿಗೆ ಉಪಯೋಗ?

‘ಭಾಷಾಶಾಸ್ತ್ರದಲ್ಲಿ ಎಂಎ ಮಾಡುತ್ತೇನೆ ಅಂದರೆ, ಅದರಿಂದ ಯಾರಿಗೆ ಉಪಯೋಗ ಅಂತ ಮನೆಯಲ್ಲಿ ಕೇಳುತ್ತಾರೆ’ ಎಂದು ಬರೆದಿದ್ದೀರಿ. ನೀವು ಉಡುಪಿಯವರು ಅಲ್ವಾ? ಉತ್ತರ ನಿಮ್ಮ ಊರಲ್ಲೇ ಇದೆ.

ಎಂಜಿಎಂ ಕಾಲೇಜಿನ ಗೋವಿಂದ ಪೈ ಸಂಶೋಧನ ಕೇಂದ್ರದಲ್ಲಿ 1979ರಲ್ಲಿ ತುಳು ನಿಘಂಟಿನ ಕೆಲಸ ಶುರುವಾಯಿತು. ಯು.ಪಿ. ಉಪಾಧ್ಯಾಯರು ಪ್ರಧಾನ ಸಂಪಾದಕರು. ಆರು ಸಂಪುಟ ಮುಗಿಯುವಾಗ 1997. ಮಂಗಳೂರಿನ ಬಾಸೆಲ್ ಮಿಷನ್‌ನವರು 1886ರಲ್ಲೇ ಮ್ಯಾನರ್‌ರ ತುಳು ನಿಘಂಟು ತಂದಿದ್ದರು. ಆದರೆ ಈ ಆರು ಸಂಪುಟಗಳ ಹರವೇ ಬೇರೆ, ಬೇರೆ ಬೇರೆ ಕಡೆಯವರು ಆಡುವ ರೂಪಗಳೂ ಇದರಲ್ಲಿವೆ. ಒಂದು ಉದಾಹರಣೆ ಹೇಳುತ್ತೇನೆ. ತಲೆಗೆ ತುಳುವಿನಲ್ಲಿ ಕೆಲವರು ‘ತರೆ’ ಅನ್ನುತ್ತಾರೆ, ಕೆಲವರು ‘ಸರೆ’, ಇನ್ನು ಕೆಲವರು ‘ಹರೆ’. ಊರಲ್ಲಿ ಇದನ್ನೇ ಹಿಡಿದು ತಮಾಷೆ ಮಾಡುವುದುಂಟು. ಭಾಷಾಶಾಸ್ತ್ರಕ್ಕೆ ಮೂರೂ ಸರಿ. ತ, ಸ, ಹ ಹೀಗೆ ಬದಲಾಗುವುದಕ್ಕೆ ಒಂದು ಕ್ರಮ ಇದೆ, ಬೇರೆ ಪದಗಳಲ್ಲೂ ಅದು ಕಾಣುತ್ತದೆ. ‘ನಿನ್ನ ತುಳು ಸರಿಯಿಲ್ಲ’ ಎಂದು ಬೈಸಿಕೊಂಡವರಿಗೆ ಇದು ಸಣ್ಣ ವಿಷಯ ಅಲ್ಲ. (ನಾನೂ ಬೈಸಿಕೊಂಡವನೇ.)

ಇತ್ತ ದ್ರಾವಿಡ ಭಾಷೆಗಳನ್ನು ಹೋಲಿಸಿ ನೋಡುವವರಿಗೂ ಇಂಥ ರೂಪಗಳೇ ಬೇಕು. ಈಗ ಶಾಲೆಯಲ್ಲಿ ತುಳು ಕಲಿಸುತ್ತಾರೆ, ಮಂಗಳೂರು ವಿಶ್ವವಿದ್ಯಾಲಯದಲ್ಲಿ ತುಳು ಎಂಎ ಬಂದಿದೆ. 2024ರಲ್ಲಿ ತುಳು-ತಿಗಳಾರಿ ಲಿಪಿ ಯೂನಿಕೋಡ್‌ಗೂ (ಎಲ್ಲ ಕಂಪ್ಯೂಟರ್‌ಗಳೂ ಅಕ್ಷರಗಳನ್ನು ಒಂದೇ ರೀತಿ ಗುರುತಿಸಲು ಇರುವ ಪಟ್ಟಿ) ಸೇರಿತು. ಇದೆಲ್ಲ ಸುಮ್ನೆ ಆದದ್ದಲ್ಲ, ಹಿಂದೆ ಯಾರೋ ಕೂತು ಮಾಡಿದ ಕೆಲಸ ಇದೆ.

ಕೆಲಸದ ವಿಷಯಕ್ಕೆ ಬಂದರೆ, ಪಾಠ ಮಾಡುವ ಹುದ್ದೆ ಜಾಸ್ತಿ ಇಲ್ಲ. ಕಂಪ್ಯೂಟರ್‌ಗೆ ನಮ್ಮ ಭಾಷೆ ಕಲಿಸುವ ಕಡೆಯೂ ನೋಡಿ, ಸ್ವಲ್ಪ ಕೋಡಿಂಗ್ ಕಲಿತಿರಿ. ಮೊದಲು ಮನೆಯವರನ್ನು ಕರೆದುಕೊಂಡು ಹೋಗಿ ಆ ಆರು ಸಂಪುಟ ತೋರಿಸಿ. ಅವರ ಅಜ್ಜಿ ಆಡುತ್ತಿದ್ದ ಪದ ಒಂದಾದರೂ ಸಿಕ್ಕೀತು.