ಹಲ್ಲಿ ಚರ್ಮದಿಂದ ಕುಡಿಯುವುದಿಲ್ಲ, ಬಾಯಿಯಿಂದಲೇ ಕುಡಿಯುತ್ತದೆ

ಪ್ರಶ್ನೆ: ಆಸ್ಟ್ರೇಲಿಯಾದ ಮರುಭೂಮಿಯಲ್ಲಿರುವ ಥಾರ್ನಿ ಡೆವಿಲ್ ಎಂಬ ಮುಳ್ಳುಹಲ್ಲಿ ನೀರಿನಲ್ಲಿ ಕಾಲಿಟ್ಟರೆ ಸಾಕು, ಅದರ ಚರ್ಮವೇ ನೀರನ್ನು ಹೀರಿಕೊಳ್ಳುತ್ತದೆ ಎಂದು ವಿಡಿಯೊವೊಂದರಲ್ಲಿ ನೋಡಿದೆ. ನಿಜವೇ?

ಇದೇ ಪ್ರಶ್ನೆ ಇನ್ನೆಷ್ಟು ಬಾರಿ ಬರುತ್ತದೋ! ಕಾಲಿಟ್ಟರೆ ನೀರು ಮೇಲೇರುವುದು ನಿಜ, ಚರ್ಮ ಅದನ್ನು ಹೀರಿಕೊಳ್ಳುತ್ತದೆ ಎನ್ನುವುದು ಸುಳ್ಳು. ನೀರನ್ನು ಸಲೀಸಾಗಿ ಒಳಗೆ ಬಿಡುವ ಚರ್ಮ ಅಷ್ಟೇ ಸಲೀಸಾಗಿ ಹೊರಗೂ ಬಿಡುತ್ತದೆ. ಅಂಥ ಚರ್ಮ ಹೊತ್ತ ಪ್ರಾಣಿ ಮರುಭೂಮಿಯ ಬಿಸಿಲಿಗೆ ಒಣಗಿಹೋಗುತ್ತದೆ. ನೀರು ಚರ್ಮದ ಮೇಲೆಯೇ ಹರಿದು ಬಾಯಿಗೆ ಸೇರುತ್ತದೆ ಎಂದು ಬೆಂಟ್ಲಿ ಮತ್ತು ಬ್ಲೂಮರ್ ಎಂಬ ಸಂಶೋಧಕರು 1962ರಲ್ಲೇ ತೋರಿಸಿದ್ದಾರೆ. ವಿಡಿಯೊ ಮಾಡುವವರಿಗೆ ಸುದ್ದಿ ಇನ್ನೂ ತಲುಪಿಲ್ಲ.

ಈ ಹಲ್ಲಿಯ ಚರ್ಮದ ತುಣುಕಿನ ಮೇಲೆ ಬಣ್ಣದ ನೀರಿನ ಹನಿಯೊಂದನ್ನು ಬಿಟ್ಟು ಸೂಕ್ಷ್ಮದರ್ಶಕದಲ್ಲಿ ನೋಡಿ. ಹನಿ ಗುಂಡಗೆ ಕೂರುವುದಿಲ್ಲ. ಹುರುಪೆಗಳ ನಡುವಿನ ಸಂದುಗಳಿಗೆ ಇಳಿದು, ಕವಲೊಡೆಯುತ್ತಾ, ಬಲೆಯಂತೆ ಹರಡುತ್ತದೆ. ಈ ಸಂದುಗಳ ಬಾಯಿ ಕಿರಿದು, ತಳ ಅಗಲ. ತಳದಲ್ಲಿ ಮತ್ತೂ ಸಣ್ಣ ಗೀರುಗಳಿವೆ. ಮೇಲ್ಭಾಗ ಬಹುಪಾಲು ಮುಚ್ಚಿದ ಈ ಕಾಲುವೆಗಳಲ್ಲಿ ಗೋಡೆಗೆ ಅಂಟುವ ನೀರು ತನ್ನ ಹಿಂದಿನ ನೀರನ್ನೂ ಎಳೆದುಕೊಂಡು ಸಾಗುತ್ತದೆ. ಲೋಮನಾಳ ಕ್ರಿಯೆ ಎಂದರೆ ಇಷ್ಟೇ.

ಆದರೆ ಇದು ಪಂಪ್ ಅಲ್ಲ. ಕಾಲುವೆ ತುಂಬಿತೋ, ನೀರು ನಿಂತಿತು. ಅದು ಮುಂದೆ ಸಾಗಬೇಕಾದರೆ ಇನ್ನೊಂದು ತುದಿಯಲ್ಲಿ ಯಾರಾದರೂ ಅದನ್ನು ತೆಗೆಯುತ್ತಿರಬೇಕು. ಹಲ್ಲಿ ದವಡೆ ಆಡಿಸುತ್ತಾ ನುಂಗುವುದು ಇದಕ್ಕೇ. ನೀರಿನ ದಾರಿ ನಡುವೆ ಕಡಿಯಲೂಬಾರದು. ಕಡಲತೀರದ ಬಂಡೆಗಳ ಮೇಲೆ ಓಡಾಡುವ ಲಿಜಿಯಾ ಎಂಬ ಪುಟ್ಟ ಜೀವಿ ಕೊನೆಯ ಎರಡು ಜೋಡಿ ಕಾಲುಗಳನ್ನು ಒತ್ತಟ್ಟಿಗೆ ಇಟ್ಟು, ಅವುಗಳ ಕೂದಲುಗಳ ನಡುವೆ ನೀರನ್ನು ಮೇಲೇರಿಸುತ್ತದೆ. ಕಾಲು ಬಿಡಿಸಿದರೆ ದಾರಿ ಕಡಿಯಿತು.

ಒದ್ದೆ ಮರಳಿನ ಮೇಲೆ ನಿಂತರೂ ಹಲ್ಲಿಗೆ ಸಾಕಾಗುತ್ತದೆಯೇ ಎಂದು ಕೆಲವರು ಕೇಳುತ್ತಾರೆ. ಸಾಕಾಗುವುದಿಲ್ಲ. ಮರಳಿನ ಕಣಗಳ ನಡುವೆಯೂ ಸಂದುಗಳಿವೆ, ಅವೂ ನೀರನ್ನು ಬಿಗಿಯಾಗಿ ಹಿಡಿದಿರುತ್ತವೆ. ಹಾಗಾಗಿಯೇ ಹಲ್ಲಿ ಒದ್ದೆ ಮರಳನ್ನು ಬೆನ್ನಿನ ಮೇಲೆ ಎರಚಿಕೊಳ್ಳುತ್ತದೆ; ಅಲ್ಲಿ ನೀರಿನ ತೂಕವೂ ಅದನ್ನು ಚರ್ಮದ ಸಂದುಗಳಿಗೆ ಇಳಿಸಲು ನೆರವಾಗುತ್ತದೆ.

ಪ್ರಶ್ನೆ: ನಮೀಬ್ ಮರುಭೂಮಿಯ ಜೀರುಂಡೆಯದೂ ಇದೇ ವಿದ್ಯೆಯೇ?

ಅಲ್ಲ. ಅದು ಮಂಜಿನಲ್ಲಿ ತಲೆ ಕೆಳಗೆ ಮಾಡಿ ನಿಲ್ಲುತ್ತದೆ, ಹನಿ ತನ್ನ ತೂಕಕ್ಕೇ ಬಾಯಿಗೆ ಉರುಳುತ್ತದೆ.

ಪ್ರಶ್ನೆ: ಎತ್ತರದ ಮರಕ್ಕೆ ನೀರು ಏರುವುದು ಲೋಮನಾಳ ಕ್ರಿಯೆಯಿಂದಲ್ಲವೇ?

0.1 ಮಿಲಿಮೀಟರ್ ವ್ಯಾಸದ ನಾಳದಲ್ಲಿ ಅದು ನೀರನ್ನು ಏರಿಸುವುದು ಸುಮಾರು 30 ಸೆಂಟಿಮೀಟರ್ ಮಾತ್ರ. ಉಳಿದ ಎತ್ತರಕ್ಕೆ ನೀರನ್ನು ಎಳೆಯುವುದು ಎಲೆಗಳಿಂದ ಆಗುವ ಆವಿ.

ಪ್ರಶ್ನೆ: ಸಣ್ಣ ಕೊಳವೆಗಳಿಂದಲೇ ನಿರಂತರವಾಗಿ ಚಿಮ್ಮುವ, ವಿದ್ಯುತ್ ಬೇಡದ ಕಾರಂಜಿಯ ಯೋಜನೆಯಲ್ಲಿ ಹಣ ಹೂಡಬಹುದೇ?

ಬೇಡ. ಏರಿದ ನೀರು ಕೊಳವೆಯ ತುದಿಯಲ್ಲೇ ನಿಲ್ಲುತ್ತದೆ, ತಾನಾಗಿ ಹೊರಗೆ ಸುರಿಯುವುದಿಲ್ಲ.

ಪ್ರಶ್ನೆ: ನೆಲದಿಂದ ಗೋಡೆಗೆ ಏರುವ ತೇವವನ್ನು ತರಂಗಗಳಿಂದ ಇಳಿಸುತ್ತೇವೆಂದು ಒಂದು ಪೆಟ್ಟಿಗೆ ಮಾರುತ್ತಿದ್ದಾರೆ. ಕೊಳ್ಳಲೇ?

ಆ ಪೆಟ್ಟಿಗೆಯಿಂದ ಇಳಿಯುವುದು ನಿಮ್ಮ ಜೇಬಿನ ಭಾರ ಮಾತ್ರ. ಮೊದಲು ಒಡೆದ ಪೈಪ್ ಇದೆಯೇ, ಹೊರಗಿನ ಮಣ್ಣು ಗೋಡೆಗೆ ಎತ್ತರಕ್ಕೆ ಒರಗಿದೆಯೇ ಎಂದು ನೋಡಿ. ಅದೆಲ್ಲ ಸರಿಯಿದ್ದರೆ, ನೀರು ತಡೆಯುವ ಪದರವನ್ನು ಗೋಡೆಯ ಬುಡದಲ್ಲಿ ಹಾಕಿಸಿ. ಅದಕ್ಕೂ ಮುಂಚೆ ಜಲನಿರೋಧಕ ಬಣ್ಣ ಬಳಿಯಲು ಹೋಗಬೇಡಿ. ಗೋಡೆಯಿಂದ ಆವಿಯಾಗುವ ದಾರಿ ಮುಚ್ಚಿದರೆ ತೇವ ಇನ್ನೂ ಮೇಲಕ್ಕೆ ಏರುತ್ತದೆ.