ತಂತಿಗಳು ನೆಟ್ಟಗೆ ನಿಂತಿರುವ ಅಪ್‌ರೈಟ್ ಪಿಯಾನೋದಲ್ಲಿ ಒಂದೇ ಸ್ವರ ಬೇಗಬೇಗ ಮರುಕಳಿಸುವುದಿಲ್ಲ. ಯಾವ ಬೆರಳಭ್ಯಾಸ ಮಾಡಲಿ, ಇಲ್ಲವೇ ತಂತಿಗಳು ಅಡ್ಡ ಮಲಗಿರುವ ಗ್ರ್ಯಾಂಡ್ ಪಿಯಾನೋ ಕೊಳ್ಳಲೇ?

ಎರಡೂ ಬೇಡ. ಬೆರಳನ್ನು ದೂರುವುದನ್ನು ಮೊದಲು ಬಿಡಿ. ಬೆಳಗಾವಿಯ ಟಿಳಕವಾಡಿಯಲ್ಲಿ ಹಳೆಯ ಅಪ್‌ರೈಟ್ ಎದುರು ಕುಳಿತು ನಾನೂ ಹೀಗೆಯೇ ಬೆರಳು ಸವೆಸಿದವನು. ಕಲಿತದ್ದು ಹಾರ್ಮೋನಿಯಂ, ಅಲ್ಲಿ ಗಾಳಿಗೆ ದಾರಿ ತೆರೆದರೆ ಸ್ವರ ಬಂತು. ಪಿಯಾನೋದಲ್ಲಿ ಸುತ್ತಿಗೆ ಹಾರಿ ತಂತಿಗೆ ಬಡಿದು ಮರಳಬೇಕು, ಅದನ್ನು ತಳ್ಳುವ ಜ್ಯಾಕ್ ಮತ್ತೆ ಅದರ ಬುಡಕ್ಕೆ ಬಂದು ನಿಲ್ಲಬೇಕು.

ಈಗ ನನ್ನ ಘನಕಾರ್ಯ ಕೇಳಿ. ಕೀಲಿ ಒತ್ತಿದಾಗ ಮೊದಲ ಕೂದಲೆಳೆಯಷ್ಟು ದೂರ ಸುತ್ತಿಗೆ ಅಲುಗುತ್ತಿರಲಿಲ್ಲ. ಆ ಸಡಿಲವೇ ರೋಗವೆಂದು ತೀರ್ಮಾನಿಸಿ, ಕೀಲಿಗಳ ಹಿಂಭಾಗದಲ್ಲಿದ್ದು ಮೇಲಿನ ಯಂತ್ರವನ್ನು ಎತ್ತುವ ಕ್ಯಾಪ್‌ಸ್ಟನ್ ತಿರುಪುಗಳನ್ನೆಲ್ಲ ಮೇಲಕ್ಕೆ ತಿರುಗಿಸಿದೆ. ಮೊದಲ ಹೊಡೆತ ಸೊಗಸಾಗಿ ಬಂತು. ಎರಡನೆಯದು ಬರಲೇ ಇಲ್ಲ. ಏಕೆಂದರೆ, ಸುತ್ತಿಗೆ ತಂತಿಗೆ ತಾಗುವ ತುಸು ಮೊದಲು ಜ್ಯಾಕ್ ಪಕ್ಕಕ್ಕೆ ಜಾರುತ್ತದೆ. ಜಾರದಿದ್ದರೆ ಸುತ್ತಿಗೆ ತಂತಿಗೇ ಒತ್ತಿ ನಿಂತು ನಾದ ಸತ್ತುಹೋಗುತ್ತದೆ. ಕೀಲಿ ಮೇಲೆದ್ದಾಗ ಜ್ಯಾಕ್ ಕೆಳಗಿಳಿದು, ಸ್ಪ್ರಿಂಗಿನ ಬಲದಿಂದ ಸ್ವಸ್ಥಾನಕ್ಕೆ ನುಸುಳಬೇಕು. ನುಸುಳಲು ಎಡೆ ಬೇಕಲ್ಲವೇ? ನಾನು ಇಲ್ಲವಾಗಿಸಿದ್ದು ಆ ಎಡೆಯನ್ನೇ! ಜ್ಯಾಕ್‌ನ ತಲೆ ಸುತ್ತಿಗೆಯ ಬುಡದ ಅಂಚಿಗೆ ತಡೆದು ಹೊರಗೇ ನಿಂತಿತ್ತು. ಎಷ್ಟು ಒತ್ತಿದರೂ ತಳ್ಳಲು ಏನೂ ಇರಲಿಲ್ಲ. ಎಡೆ ಹೆಚ್ಚಾದರೆ ಹೊಡೆತ ಸಡಿಲ, ಇಲ್ಲವಾದರೆ ಮರುಹೊಡೆತವೇ ಇಲ್ಲ. ಸಾಲದ್ದಕ್ಕೆ ನಮ್ಮ ಊರಿನ ಮಳೆಗಾಲ. ತೇವಕ್ಕೆ ಉಬ್ಬಿದ ಕೀಲಿಗಳು ಏಳುವುದಕ್ಕೂ ಸೋಮಾರಿತನ ತೋರುತ್ತಿದ್ದವು. ಗೋವಾದಿಂದ ಬಂದ ಟ್ಯೂನರ್ 88 ತಿರುಪುಗಳನ್ನೂ ಹದಕ್ಕೆ ಇಳಿಸಿದರು. ಕೂಲಿ, ಪ್ರಯಾಣ, ಊಟ, ವಸತಿ ಎಲ್ಲಕ್ಕೂ ನಾನೇ ತೆತ್ತೆ; ಅವರು ನಕ್ಕದ್ದೊಂದೇ ಉಚಿತ.

ಗ್ರ್ಯಾಂಡ್‌ನ ಹಿರಿಮೆ ಸುಳ್ಳಲ್ಲ. 1821ರಲ್ಲಿ ಪಿಯಾನೋ ತಯಾರಕರಾದ ಎರಾರ್ ಮನೆತನ ಪೇಟೆಂಟ್ ಪಡೆದ ಯಂತ್ರದಲ್ಲಿ ಸ್ಪ್ರಿಂಗ್ ಇರುವ ಇನ್ನೊಂದು ಸನ್ನೆಕೋಲುಂಟು. ಅದು ಸುತ್ತಿಗೆಯನ್ನು ಎತ್ತಿ ಹಿಡಿಯುವುದರಿಂದ, ಕೀಲಿ ಪೂರ್ತಿ ಏಳುವ ಮೊದಲೇ ಜ್ಯಾಕ್ ತನ್ನ ಜಾಗ ಸೇರುತ್ತದೆ. ಸಾಮಾನ್ಯ ಅಪ್‌ರೈಟ್‌ನಲ್ಲಿ ಆ ಸನ್ನೆಕೋಲಿಲ್ಲ. ಕೀಲಿ ಬಹುಪಾಲು ಮೇಲೆ ಬರಲೇಬೇಕು. ಅಷ್ಟಕ್ಕೇ ಲಕ್ಷಗಟ್ಟಲೆ ಸುರಿಯುತ್ತೀರಾ?

ಒಂದು ಕೀಲಿ ಒತ್ತಿ, ಪೂರ್ತಿ ಏಳಲು ಬಿಟ್ಟು ಮತ್ತೆ ಒತ್ತಿ ನೋಡಿ. ಸ್ವರ ಬಂದರೆ ಯಂತ್ರ ಸರಿಯಿದೆ, ನೀವು ಬೆರಳನ್ನು ಇನ್ನಷ್ಟು ಎತ್ತಬೇಕು. ಬರದಿದ್ದರೆ ತಿರುಪುಳಿ ಮುಟ್ಟದೆ ಟ್ಯೂನರ್‌ಗೆ ಫೋನ್ ಮಾಡಿ. ‘ಟ್ಯೂನ್ ಮಾಡಿ’ ಎಂದಷ್ಟೇ ಹೇಳಿದರೆ ಶ್ರುತಿ ಕೂಡಿಸಿ ಹೊರಟುಬಿಡುತ್ತಾರೆ. ಆಕ್ಷನ್ ರೆಗ್ಯುಲೇಶನ್, ಅಂದರೆ ಕೀಲಿ-ಜ್ಯಾಕ್-ಸುತ್ತಿಗೆಗಳ ಯಂತ್ರವನ್ನು ಹದಗೊಳಿಸುವ ಕೆಲಸ, ಬೇಕೆಂದು ಬಿಡಿಸಿ ಹೇಳಿ, ದರವನ್ನೂ ಮೊದಲೇ ಕೇಳಿಕೊಳ್ಳಿ.