ವಯಲಿನ್ ಜೊತೆ ಚೆಲ್ಲೊ ಸೇರಿದರೆ ಚಟಪಟ: ಲ್ಯಾಪ್‌ಟಾಪ್ ಬದಲಿಸುವ ಮುಂಚೆ

ಪ್ರಶ್ನೆ: ಸಾಗರದ ಹತ್ತಿರದ ನಮ್ಮೂರಿನ ಹವ್ಯಾಸಿ ನಾಟಕ ತಂಡಕ್ಕೆ ನಾನು ಹಿನ್ನೆಲೆ ಸಂಗೀತ ಮಾಡುತ್ತೇನೆ. ಹಳೆಯ ಐ5 ಲ್ಯಾಪ್‌ಟಾಪ್, 8 ಜಿಬಿ ರ‍್ಯಾಮ್, 1 ಟಿಬಿ ಹಾರ್ಡ್‌ಡಿಸ್ಕ್ ಇದೆ. ರೀಪರ್ ಎಂಬ ರೆಕಾರ್ಡಿಂಗ್ ತಂತ್ರಾಂಶದಲ್ಲಿ ಕಾಂಟ್ಯಾಕ್ಟ್ ಎಂಬ ಸ್ಯಾಂಪ್ಲರ್ (ವಾದ್ಯಗಳ ರೆಕಾರ್ಡ್ ಆದ ಸ್ವರಗಳನ್ನು, ಅಂದರೆ ಸ್ಯಾಂಪಲ್‌ಗಳನ್ನು ನುಡಿಸುವ ತಂತ್ರಾಂಶ) ತೆರೆದು ವಯಲಿನ್ ಮಾತ್ರ ನುಡಿಸಿದರೆ ಚೆನ್ನಾಗಿರುತ್ತದೆ. ಚೆಲ್ಲೊ, ಹಾರ್ನ್ ಸೇರಿಸಿದ ಕೂಡಲೇ ಚಟಪಟ ಸದ್ದು ಬರುತ್ತದೆ, ಕೆಲವು ಸ್ವರಗಳು ನಡುವೆಯೇ ನಿಂತುಹೋಗುತ್ತವೆ. ಅಂಗಡಿಯವರು ಹೊಸ ಲ್ಯಾಪ್‌ಟಾಪ್ ತಗೊಳ್ಳಿ ಎನ್ನುತ್ತಾರೆ. ಏನು ಮಾಡಲಿ?

ಉತ್ತರ: ಸದ್ಯಕ್ಕೆ ದುಡ್ಡು ಜೇಬಲ್ಲೇ ಇರಲಿ. ಮೊದಲು ಒಂದು ಪರೀಕ್ಷೆ ಮಾಡಿ. ಕಾಂಟ್ಯಾಕ್ಟ್‌ನ ಮೇಲ್ಭಾಗದಲ್ಲಿ ಸಿಪಿಯು, ಡಿಸ್ಕ್ ಎಂಬ ಎರಡು ಮೀಟರ್‌ಗಳಿವೆ. ಚಟಪಟ ಶುರುವಾದಾಗ ಯಾವುದು ಏರುತ್ತದೆ ನೋಡಿ. ನೀವು ಹೇಳಿದ ಲಕ್ಷಣಕ್ಕೆ ಡಿಸ್ಕ್ ಮೀಟರೇ ಏರಬೇಕು. ಸ್ವರ ಶುರುವಾಗಿ ನಡುವೆ ನಿಲ್ಲುವುದು ಹಾರ್ಡ್‌ಡಿಸ್ಕ್ ಸಾಲದಿರುವುದರ ಗುರುತು.

ಯಾಕೆ ಅಂತ ಹೇಳುತ್ತೇನೆ. ಮೊದಲೆಲ್ಲ ಸ್ಯಾಂಪ್ಲರ್‌ಗಳಲ್ಲಿ ರೆಕಾರ್ಡಿಂಗ್ ಇಡಿಯಾಗಿ ರ‍್ಯಾಮ್‌ನಲ್ಲಿ ಕೂರಬೇಕಿತ್ತು. 1990ರ ದಶಕದ ಕೊನೆಯಲ್ಲಿ ಗಿಗಾಸ್ಯಾಂಪ್ಲರ್ ಎಂಬ ತಂತ್ರಾಂಶ ಬಂದು ಈ ಪದ್ಧತಿ ಬದಲಾಯಿತು. ಪ್ರತಿ ಸ್ವರದ ತಲೆಭಾಗ ಮಾತ್ರ ರ‍್ಯಾಮ್‌ನಲ್ಲಿ, ಉಳಿದದ್ದು ಬೇಕಾದಾಗ ಡಿಸ್ಕ್‌ನಿಂದ. ಪಂಕ್ತಿ ಊಟ ನೆನಪಿಸಿಕೊಳ್ಳಿ. ಎಲೆಗೆ ಒಂದು ಹಿಡಿ ಅನ್ನ ಮೊದಲೇ ಬಿದ್ದಿರುತ್ತದೆ. ಅದು ಮುಗಿಯುವುದರೊಳಗೆ ಬಡಿಸುವವರು ಮತ್ತೆ ಬರಬೇಕು, ಅಲ್ವಾ? ಕಾಂಟ್ಯಾಕ್ಟ್ ಸಾಮಾನ್ಯವಾಗಿ ಒಂದು ಸ್ಯಾಂಪಲ್‌ಗೆ 60 ಕೆಬಿ ಹೀಗೆ ಮೊದಲೇ ಬಡಿಸಿಡುತ್ತದೆ. 24 ಬಿಟ್ ಸ್ಟೀರಿಯೊ ಸದ್ದಿನಲ್ಲಿ ಅದು ಕಾಲು ಸೆಕೆಂಡಿಗೂ ಸಾಲುವುದಿಲ್ಲ. ಫೈಲ್ ಕುಗ್ಗಿಸಿದ್ದರೆ ಸ್ವಲ್ಪ ಜಾಸ್ತಿ.

ಈಗ ಲೆಕ್ಕ ಹಾಕೋಣ. ವಯಲಿನ್ ಗುಂಪಿನ ಒಂದು ಸ್ವರ ಒತ್ತಿದರೆ ಮೆಲುದನಿ, ಜೋರುದನಿ ಎಂಬ ಎರಡು ಪದರ ಒಟ್ಟಿಗೆ ನುಡಿಯಬಹುದು. ಒಂದೇ ಸ್ವರವನ್ನು ಬೇರೆ ಬೇರೆ ಮೈಕ್‌ಗಳಿಂದ ರೆಕಾರ್ಡ್ ಮಾಡಿರುತ್ತಾರೆ, ಅವುಗಳಲ್ಲಿ ಮೂರು ಆನ್ ಇದ್ದರೆ ಆರು ಧ್ವನಿಯಾಯಿತು. ನಾಲ್ಕು ಸ್ವರ ಒಟ್ಟಿಗೆ ಹಿಡಿದರೆ 24. ವಯಲಿನ್, ಚೆಲ್ಲೊ, ಹಾರ್ನ್ ಮೂರೂ ಸೇರಿದರೆ 72. ಇದಕ್ಕೆ ಬೇಕಾದ ಡೇಟಾ ಸೆಕೆಂಡಿಗೆ 20 ಎಂಬಿಯೂ ಇಲ್ಲ. ನಿಮ್ಮ ಹಾರ್ಡ್‌ಡಿಸ್ಕ್ ಒಂದೇ ದೊಡ್ಡ ಫೈಲನ್ನು ಇದರ ಹಲವು ಪಟ್ಟು ವೇಗದಲ್ಲಿ ಓದಬಲ್ಲದು. ಆದರೆ ಇಲ್ಲಿ ಓದಬೇಕಾದದ್ದು 72 ಬೇರೆ ಬೇರೆ ಜಾಗಗಳಲ್ಲಿದೆ. ಲ್ಯಾಪ್‌ಟಾಪಿನ 5400 ಆರ್‌ಪಿಎಂ ಡಿಸ್ಕ್‌ಗೆ ಒಂದು ಜಾಗದಿಂದ ಇನ್ನೊಂದಕ್ಕೆ ಹೋಗಲು ಸುಮಾರು 15 ಮಿಲಿಸೆಕೆಂಡು ಬೇಕು. 72 ಕಡೆ ಸುತ್ತಿ ಬರಲು ಒಂದು ಸೆಕೆಂಡಿಗೂ ಮೇಲಾಯಿತು. ಎಲೆಯ ಮೇಲಿನ ಅನ್ನ ಕಾಲು ಸೆಕೆಂಡಿಗೇ ಖಾಲಿ. ತಿರುಗುವ ತಟ್ಟೆಯಿಲ್ಲದೆ ಚಿಪ್‌ನಲ್ಲೇ ಡೇಟಾ ಇಡುವ ಎಸ್‌ಎಸ್‌ಡಿಗೆ ಇದೇ ಸುತ್ತು 10 ಮಿಲಿಸೆಕೆಂಡಿನೊಳಗಿನ ಕೆಲಸ. ಪ್ರೊಸೆಸರ್ ಎಷ್ಟೇ ಹೊಸದಿರಲಿ, ಸ್ಯಾಂಪಲ್‌ಗಳು ಹಳೇ ಡಿಸ್ಕ್‌ನಲ್ಲೇ ಕೂತಿದ್ದರೆ ಇದೇ ತೊಂದರೆ.

ಹಾಗಾಗಿ ಎಸ್‌ಎಸ್‌ಡಿ ತಗೊಳ್ಳಿ. ಹಾರ್ಡ್‌ಡಿಸ್ಕ್ ಇದ್ದ ಜಾಗದಲ್ಲೇ 2.5 ಇಂಚಿನದು ಕೂರುತ್ತದೆ. ಇಲ್ಲವೇ ಹೊರಗಿನಿಂದ ಸಿಕ್ಕಿಸುವ ಪುಟ್ಟದೂ ನಡೆಯುತ್ತದೆ, ಯುಎಸ್‌ಬಿ 3 ಪೋರ್ಟ್‌ಗೇ ಹಾಕಿ. ಹಲವು ಲ್ಯಾಪ್‌ಟಾಪ್‌ಗಳಲ್ಲಿ ಅದರ ಒಳಭಾಗ ನೀಲಿ ಬಣ್ಣದಲ್ಲಿರುತ್ತದೆ.

ಎಸ್‌ಎಸ್‌ಡಿ ಬಂದ ಮೇಲೆ ಇನ್ನೊಂದು ಲಾಭ ಇದೆ, ಇದನ್ನು ಬಹಳ ಜನ ಬಳಸುವುದೇ ಇಲ್ಲ. ಬಡಿಸುವವರು ಚುರುಕಾದರೆ ಎಲೆಗೆ ಮೊದಲೇ ಅಷ್ಟು ಹಾಕಿಡಬೇಕಿಲ್ಲ. ಕಾಂಟ್ಯಾಕ್ಟ್‌ನ ಆಪ್ಷನ್ಸ್‌ನಲ್ಲಿ ಮೆಮೊರಿ ಪುಟಕ್ಕೆ ಹೋಗಿ ಪ್ರೀಲೋಡ್ ಗಾತ್ರವನ್ನು 60ರಿಂದ 12 ಕೆಬಿಗೆ ಇಳಿಸಿ ನೋಡಿ. ಅದಕ್ಕೆ ತಗಲುವ ರ‍್ಯಾಮ್ ಐದನೇ ಒಂದು ಭಾಗಕ್ಕೆ ಬರುತ್ತದೆ. ಸದ್ದು ಒಡೆದರೆ ಸ್ವಲ್ಪ ಏರಿಸಿ. ನಿಮ್ಮ 8 ಜಿಬಿಗೆ ಇದು ದೊಡ್ಡ ಉಸಿರು. ಮೂರು ಮೈಕ್‌ಗಳಲ್ಲಿ ಒಂದನ್ನು ಮಾತ್ರ ಇಟ್ಟುಕೊಂಡರೆ ಹೊರೆ ಮತ್ತೆ ಮೂರನೇ ಒಂದು ಭಾಗ. ನಾಟಕದ ಹಿನ್ನೆಲೆಗೆ ಒಂದೇ ಮೈಕ್ ಧಾರಾಳ ಸಾಕು, ನಾನೂ ಹಾಗೇ ಮಾಡುವುದು. ಬರೆದು ಮುಗಿಸಿದ ಟ್ರ್ಯಾಕನ್ನು ರೀಪರ್‌ನಲ್ಲಿ ಫ್ರೀಜ್ ಮಾಡಿ. ಅದು ಬರೀ ಆಡಿಯೊ ಆಗುತ್ತದೆ, ಕಾಂಟ್ಯಾಕ್ಟ್‌ಗೆ ಅದರ ಹೊರೆ ಇರುವುದಿಲ್ಲ. ತಿದ್ದಬೇಕೆನಿಸಿದರೆ ಫ್ರೀಜ್ ತೆಗೆದರಾಯಿತು.

ಇಷ್ಟೂ ಕಷ್ಟ ಎನಿಸಿದರೆ ಸ್ಪಿಟ್‌ಫೈರ್ ಕಂಪನಿಯ ಬಿಬಿಸಿ ಸಿಂಫನಿ ಆರ್ಕೆಸ್ಟ್ರಾ ಎಂಬ ವಾದ್ಯವೃಂದದ ಸ್ಯಾಂಪಲ್ ಸಂಗ್ರಹದ ಪುಟ್ಟ ಆವೃತ್ತಿ ಡಿಸ್ಕವರ್ ಹಾಕಿ ನೋಡಿ. ಲಂಡನ್‌ನ ಮೇಡಾ ವೇಲ್ ಸ್ಟುಡಿಯೊದಲ್ಲಿ ರೆಕಾರ್ಡ್ ಆದದ್ದು. ಪ್ರೊ ಆವೃತ್ತಿ ಸುಮಾರು 600 ಜಿಬಿ ಇದ್ದರೆ ಡಿಸ್ಕವರ್ ಬರೀ 200 ಎಂಬಿ. ನಮ್ಮ ಕಡೆಯ ನೆಟ್‌ವರ್ಕ್‌ನಲ್ಲೂ ಇಳಿಯುತ್ತದೆ! ಮನೆಯಲ್ಲಿ ಇದರಲ್ಲಿ ಬರೆದದ್ದನ್ನು ಆಮೇಲೆ ದೊಡ್ಡ ಸ್ಟುಡಿಯೊದಲ್ಲಿ ಪ್ರೊ ಆವೃತ್ತಿಯಲ್ಲಿ ತೆರೆಯಬಹುದು.

ಪ್ರಶ್ನೆ: ಕೀಬೋರ್ಡ್ ಒತ್ತಿದ ಮೇಲೆ ಸದ್ದು ತಡವಾಗಿ ಬರುತ್ತದೆ. ಲ್ಯಾಪ್‌ಟಾಪ್ ನಿಧಾನವೇ? (ಶಿವಮೊಗ್ಗದ ಓದುಗರು)

ಉತ್ತರ: ಬ್ಲೂಟೂತ್ ಹೆಡ್‌ಫೋನ್ ಹಾಕಿಕೊಂಡಿದ್ದೀರಾ? ಹಾಗಿದ್ದರೆ ಮೊದಲು ಅದನ್ನು ತೆಗೆದಿಡಿ. ಅದೊಂದೇ 100 ಮಿಲಿಸೆಕೆಂಡಿಗಿಂತ ಜಾಸ್ತಿ ತಡ ಮಾಡಬಲ್ಲದು. ತಂತಿಯದೇ ಬಳಸಿ. ಆಮೇಲೆ ರೀಪರ್‌ನ ಆಡಿಯೊ ಸೆಟ್ಟಿಂಗ್‌ನಲ್ಲಿ ಎಎಸ್‌ಐಒ ಡ್ರೈವರ್ (ಸದ್ದನ್ನು ಕಡಿಮೆ ತಡದಲ್ಲಿ ಕಳಿಸುವಂಥದು) ಆಯ್ದು ಬಫರ್, ಅಂದರೆ ಕಳಿಸುವ ಮುಂಚೆ ಕೂಡಿಡುವ ಸದ್ದಿನ ತುಣುಕುಗಳ ಸಂಖ್ಯೆ ನೋಡಿ. 44.1 ಕಿಲೊಹರ್ಟ್ಸ್‌ನಲ್ಲಿ 256 ಅಂದರೆ ಸುಮಾರು 6 ಮಿಲಿಸೆಕೆಂಡು, 1024 ಅಂದರೆ 23. ನುಡಿಸುವಾಗ 128 ಅಥವಾ 256, ಮಿಕ್ಸ್ ಮಾಡುವಾಗ 1024 ಇಡಿ.

ಇಷ್ಟಾದರೂ ವಯಲಿನ್ ಮಾತ್ರ ತಡವಾದರೆ ಅದು ಲ್ಯಾಪ್‌ಟಾಪಿನ ತಪ್ಪಲ್ಲ. ಕಮಾನು ತಂತಿಗೆ ತಾಗಿ ನಾದ ತುಂಬಿಕೊಳ್ಳಲು ನಿಜವಾಗಿಯೂ ಹೊತ್ತು ಬೇಕು, ರೆಕಾರ್ಡಿಂಗ್‌ನಲ್ಲಿ ಅದೂ ಸೇರಿದೆ. ಪಿಯಾನೊದಲ್ಲಿ ನುಡಿಸಿ ನೋಡಿ, ವ್ಯತ್ಯಾಸ ಗೊತ್ತಾಗುತ್ತದೆ. ನುಡಿಸಿ ಮುಗಿಸಿದ ಮೇಲೆ ಆ ಸ್ವರಗಳನ್ನು ಒಂದಿಷ್ಟು ಹಿಂದಕ್ಕೆ, ಅಂದರೆ ಎಡಕ್ಕೆ ಸರಿಸಿದರೆ ತಾಳಕ್ಕೆ ಕೂರುತ್ತದೆ.

ಪ್ರಶ್ನೆ: ಮಳೆಗಾಲದಲ್ಲಿ ಕರೆಂಟ್ ಹೋಗಿ ಬ್ಯಾಟರಿಗೆ ಬಂದ ಕೂಡಲೇ ಸದ್ದು ಒಡೆಯುತ್ತದೆ. ಇನ್ವರ್ಟರ್‌ಗೆ ಹಾಕಿದರೆ ಗುಂಯ್ ಎನ್ನುತ್ತದೆ. (ತೀರ್ಥಹಳ್ಳಿಯ ಓದುಗರು)

ಉತ್ತರ: ಬ್ಯಾಟರಿಗೆ ಬಂದಾಗ ವಿಂಡೋಸ್ ಪ್ರೊಸೆಸರನ್ನು ನಿಧಾನ ಮಾಡುತ್ತದೆ. ಪವರ್ ಸೆಟ್ಟಿಂಗ್‌ನಲ್ಲಿ ಬ್ಯಾಟರಿಗೂ ಹೆಚ್ಚು ಸಾಮರ್ಥ್ಯದ ಆಯ್ಕೆ ಇಡಿ, ಬಫರ್ 512ಕ್ಕೆ ಏರಿಸಿ. ಸ್ಕ್ವೇರ್ ವೇವ್ ಇನ್ವರ್ಟರ್‌ನಲ್ಲಿ ಗುಂಯ್ ಸದ್ದು ಸಾಮಾನ್ಯ, ಸೈನ್ ವೇವ್‌ನದು ಒಳ್ಳೆಯದು. ಚಾರ್ಜರ್ ಕಿತ್ತ ಕೂಡಲೇ ಗುಂಯ್ ನಿಂತರೆ ಮನೆಯ ಅರ್ತಿಂಗ್ ಕೂಡ ಒಮ್ಮೆ ನೋಡಿಸಿ. ರೆಕಾರ್ಡ್ ಮಾಡುವ ಹತ್ತು ನಿಮಿಷ ಚಾರ್ಜರ್ ತೆಗೆದಿಟ್ಟರೂ ಆಯಿತು.